ಇನ್ನೊಬ್ಬರ ತಪ್ಪಿನಿಂದ ಬಂದ ಲಾಭ

ಷೇರುಪೇಟೆಯಲ್ಲಿ ಒಬ್ಬರು ಕೊಳ್ಳಬೇಕಾದರೆ ಇನ್ನೊಬ್ಬರು ಮಾರಲೇಬೇಕು. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಇದಕ್ಕೊಂದು ನೈತಿಕ ಮುಖವೂ ಇದೆ ಎಂಬುದು ನಮಗೆ ಅಷ್ಟಾಗಿ ಹೊಳೆಯುವುದಿಲ್ಲ. 'ಬಹಳ ಅಗ್ಗಕ್ಕೆ ಸಿಕ್ಕಿತು' ಎಂದು ಒಬ್ಬರು ಖುಷಿಪಡುವಾಗ, ಅದನ್ನೇ ಅಗ್ಗಕ್ಕೆ ಕೊಟ್ಟ ಮತ್ತೊಬ್ಬರು ಎಲ್ಲೋ ಇದ್ದಾರೆ. ಅವರು ಏಕೆ ಕೊಟ್ಟರು? ಹಣದ ತುರ್ತಿತ್ತೇ, ಭಯವಾಯಿತೇ, ಅಥವಾ ಆ ಕಂಪನಿಯ ಬಗ್ಗೆ ತಪ್ಪು ತಿಳಿದಿದ್ದರೇ? ಅವರು ತಪ್ಪು ತಿಳಿದಿದ್ದಾರೆಂದು ಕೊಂಡವರಿಗೆ ಮೊದಲೇ ಗೊತ್ತಿದ್ದರೆ, ಆ ಲಾಭವನ್ನು ನಾವು ಏನೆಂದು ಕರೆಯಬೇಕು?

ಈ ಪ್ರಶ್ನೆಯನ್ನು ಒಬ್ಬ ಪ್ರಾಧ್ಯಾಪಕರ ಕೆಲಸದ ಮೂಲಕ ಕೇಳಿಕೊಳ್ಳಬಹುದು. ಜೋಸೆಫ್ ಲಾಕೊನಿಶೊಕ್ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಹಣಕಾಸು ಶಾಸ್ತ್ರವನ್ನು ಕಲಿಸಿದವರು. ಹೂಡಿಕೆದಾರರು ಹೇಗೆ ತಪ್ಪುತ್ತಾರೆ ಎಂಬುದು ಅವರ ಸಂಶೋಧನೆಯ ಒಂದು ಮುಖ್ಯ ವಸ್ತು. ಆಂಡ್ರೇ ಶ್ಲೈಫರ್ ಮತ್ತು ರಾಬರ್ಟ್ ವಿಷ್ನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರ ಜೊತೆ ಅವರು ಬರೆದ ಒಂದು ಪ್ರಬಂಧ 1994ರಲ್ಲಿ ಪ್ರಕಟವಾಯಿತು. ಬಿಹೇವಿಯರಲ್ ಫೈನಾನ್ಸ್, ಅಂದರೆ ಮನುಷ್ಯರ ಮನೋಧರ್ಮವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಹಣಕಾಸು ಶಾಸ್ತ್ರದಲ್ಲಿ, ಅದನ್ನು ಇಂದಿಗೂ ಓದುತ್ತಾರೆ. ಅದೇ ವರ್ಷ ಈ ಮೂವರೂ ಸೇರಿ ಶಿಕಾಗೋದಲ್ಲಿ ಒಂದು ಹೂಡಿಕೆ ಸಂಸ್ಥೆಯನ್ನೂ ಕಟ್ಟಿದರು. ಮೂವರ ಹೆಸರಿನ ಮೊದಲ ಅಕ್ಷರಗಳೇ ಅದರ ಹೆಸರು: ಎಲ್‌ಎಸ್‌ವಿ. ಜನ ಎಲ್ಲಿ ತಪ್ಪುತ್ತಾರೆ ಎಂದು ತೋರಿಸಿದ ಪ್ರಬಂಧವೂ ಆ ತಪ್ಪಿನ ಎದುರು ದಿಕ್ಕಿನಲ್ಲಿ ಹಣ ಹೂಡುವ ಸಂಸ್ಥೆಯೂ ಒಂದೇ ವರ್ಷ ಹುಟ್ಟಿದವು.

ಆ ಪ್ರಬಂಧ ಹೇಳಿದ್ದೇನು? ಷೇರುಗಳನ್ನು ಅವರು ಎರಡು ತುದಿಗಳಾಗಿ ವಿಂಗಡಿಸಿದರು. ಒಂದು ತುದಿಯಲ್ಲಿ ಎಲ್ಲರ ಬಾಯಲ್ಲಿರುವ ಕಂಪನಿಗಳು. ಕಳೆದ ಕೆಲವು ವರ್ಷ ವೇಗವಾಗಿ ಬೆಳೆದಿವೆ, ಪತ್ರಿಕೆಗಳಲ್ಲಿ ಹೆಸರು ಬರುತ್ತದೆ, ಷೇರಿನ ಬೆಲೆ ಗಳಿಕೆಗೆ ಹೋಲಿಸಿದರೆ ಬಹಳ ಹೆಚ್ಚು. ಇವನ್ನು ಗ್ಲಾಮರ್ ಷೇರುಗಳೆಂದು ಕರೆದರು. ಇನ್ನೊಂದು ತುದಿಯಲ್ಲಿ ಯಾರಿಗೂ ಬೇಡವಾದವು. ಮಂದ ಬೆಳವಣಿಗೆ, ಹಳೆಯ ಉದ್ಯಮ, ಆಸ್ತಿಗೂ ಗಳಿಕೆಗೂ ಹೋಲಿಸಿದರೆ ಕಡಿಮೆ ಬೆಲೆ. ಇವು ವ್ಯಾಲ್ಯೂ ಷೇರುಗಳು. ಅಮೆರಿಕದ ಪೇಟೆಗಳ 1963ರಿಂದ 1990ರವರೆಗಿನ ಲೆಕ್ಕ ತೆಗೆದಾಗ, ಕೊಂಡ ಮುಂದಿನ ಐದು ವರ್ಷಗಳಲ್ಲಿ ಬೇಡವಾದವುಗಳೇ ಹೆಚ್ಚು ಗಳಿಸಿಕೊಟ್ಟಿದ್ದವು. ಪುಸ್ತಕದಲ್ಲಿರುವ ಆಸ್ತಿಮೌಲ್ಯಕ್ಕೆ ಬೆಲೆಯನ್ನು ಹೋಲಿಸಿ ವಿಂಗಡಿಸಿದಾಗ, ಗ್ಲಾಮರ್ ತುದಿಯ ಷೇರುಗಳಿಂದ ವರ್ಷಕ್ಕೆ ಸರಾಸರಿ ಶೇ. 9ರಷ್ಟು, ವ್ಯಾಲ್ಯೂ ತುದಿಯಿಂದ ಸುಮಾರು ಶೇ. 20ರಷ್ಟು ಬಂದಿತ್ತು.

ಕಾರಣವಾಗಿ ಅವರು ಕೊಟ್ಟದ್ದು ಬಹಳ ಸರಳ ವಿವರಣೆ. ನಿನ್ನೆ ಬೆಳೆದದ್ದು ನಾಳೆಯೂ ಹಾಗೆಯೇ ಬೆಳೆಯುತ್ತದೆ ಎಂದು ಜನ ಗೆರೆಯನ್ನು ನೇರವಾಗಿ ಮುಂದಕ್ಕೆ ಎಳೆದುಬಿಡುತ್ತಾರೆ. ನಿನ್ನೆ ಸೊರಗಿದ್ದು ನಾಳೆಯೂ ಸೊರಗುತ್ತದೆ ಎಂದುಕೊಳ್ಳುತ್ತಾರೆ. ನಿಜದಲ್ಲಿ ಬೆಳವಣಿಗೆ ಅಷ್ಟು ಕಾಲ ಬಾಳುವುದಿಲ್ಲ. ಕಂಪನಿಗಳ ಲಾಭದ ಬೆಳವಣಿಗೆ ಎಷ್ಟು ವರ್ಷ ಉಳಿಯುತ್ತದೆ ಎಂದು ಲಾಕೊನಿಶೊಕ್ ಮತ್ತು ಸಂಗಡಿಗರು 2003ರಲ್ಲಿ ಬೇರೆಯಾಗಿಯೇ ಪರೀಕ್ಷಿಸಿದರು. ದೀರ್ಘಕಾಲ ಸತತವಾಗಿ ಲಾಭ ಬೆಳೆಸಿಕೊಂಡು ಹೋದ ಕಂಪನಿಗಳ ಸಂಖ್ಯೆ, ಬರೀ ಅದೃಷ್ಟದಿಂದ ಬರಬಹುದಾದ ಸಂಖ್ಯೆಗಿಂತ ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ. ದೂರದ ಬೆಟ್ಟ ನುಣ್ಣಗೆ ಎಂದು ನಮ್ಮವರು ಹೇಳುವ ಮಾತಿಗೆ ಇಲ್ಲಿ ಅಂಕಿಅಂಶಗಳ ಆಧಾರ ಸಿಕ್ಕಂತಾಯಿತು.

ಇಲ್ಲಿಂದ ಕ್ವಾಂಟ್ ಹೂಡಿಕೆಗೆ ಒಂದೇ ಹೆಜ್ಜೆ. ಮನುಷ್ಯರೆಲ್ಲ ಹೀಗೆ ತಪ್ಪುವುದಾದರೆ, ಹೂಡಿಕೆ ಮಾಡುವ ಪ್ರಾಧ್ಯಾಪಕರೂ ಮನುಷ್ಯರೇ. ಆದ್ದರಿಂದ ಯಾವ ಷೇರು ಕೊಳ್ಳಬೇಕು ಎಂಬ ತೀರ್ಮಾನವನ್ನು ಕಂಪ್ಯೂಟರಿನ ಸೂತ್ರಕ್ಕೆ ಬಿಡುವುದು. ಸೂತ್ರಕ್ಕೆ ಕಂಪನಿಯ ಮುಖ್ಯಸ್ಥರ ಮಾತಿನ ಮೋಡಿ ತಟ್ಟುವುದಿಲ್ಲ, ಪತ್ರಿಕೆಯ ತಲೆಬರಹ ಹೆದರಿಸುವುದಿಲ್ಲ. ಬೆಲೆ, ಗಳಿಕೆ, ನಗದಿನ ಹರಿವು, ಇತ್ತೀಚಿನ ಏರಿಳಿತ ಇಷ್ಟನ್ನು ನೋಡಿ ಅದು ಸಾವಿರಾರು ಷೇರುಗಳನ್ನು ಸಾಲಾಗಿ ನಿಲ್ಲಿಸುತ್ತದೆ. ಕ್ವಾಂಟ್ ಎಂದರೆ ಮೂಲತಃ ತನ್ನದೇ ಮನಸ್ಸಿನ ಮೇಲಿನ ಅಪನಂಬಿಕೆ. ಆದರೆ ಸೂತ್ರ ಬರೆಯುವವರೂ ಮನುಷ್ಯರೇ ಎಂಬುದು 2007ರ ಆಗಸ್ಟ್ ಎರಡನೇ ವಾರದಲ್ಲಿ ಗೊತ್ತಾಯಿತು. ಒಂದೇ ಬಗೆಯ ಸೂತ್ರಗಳನ್ನು ಬಳಸುತ್ತಿದ್ದ ಹಲವು ಕ್ವಾಂಟ್ ಸಂಸ್ಥೆಗಳು ಒಂದೇ ಬಗೆಯ ಷೇರುಗಳನ್ನು ಹಿಡಿದು ಕೂತಿದ್ದವು. ಯಾರೋ ಮಾರಲು ಶುರುಮಾಡಿದ್ದೇ ತಡ, ಎಲ್ಲರೂ ಒಟ್ಟಿಗೆ ನಷ್ಟಕ್ಕೆ ಬಿದ್ದರು. ಜನ ಮರುಳೋ ಜಾತ್ರೆ ಮರುಳೋ ಎಂಬ ಮಾತು ಜಾತ್ರೆಯನ್ನು ಅಧ್ಯಯನ ಮಾಡಿದವರಿಗೂ ಅನ್ವಯಿಸಿತು.

ಈಗ ನೈತಿಕ ಪ್ರಶ್ನೆಗೆ ಬರೋಣ. ವಿಲಿಯಂ ಶಾರ್ಪ್ 1991ರಲ್ಲಿ ಒಂದು ಚಿಕ್ಕ ಲೇಖನದಲ್ಲಿ ಸರಳ ಲೆಕ್ಕವೊಂದನ್ನು ಮುಂದಿಟ್ಟರು. ಪೇಟೆಯಲ್ಲಿರುವ ಎಲ್ಲರ ಗಳಿಕೆ ಸೇರಿದರೆ ಅದೇ ಪೇಟೆಯ ಗಳಿಕೆ. ಆದ್ದರಿಂದ ಯಾರಾದರೂ ಪೇಟೆಗಿಂತ ಹೆಚ್ಚು ಗಳಿಸಿದರೆ, ಅಷ್ಟೇ ಮೊತ್ತವನ್ನು ಮತ್ಯಾರೋ ಕಡಿಮೆ ಗಳಿಸಿರಬೇಕು. ವ್ಯಾಲ್ಯೂ ಹೂಡಿಕೆದಾರರಿಗೆ ಬಂದ ಹೆಚ್ಚುವರಿ ಹಣ ಆಕಾಶದಿಂದ ಉದುರಿದ್ದಲ್ಲ. ಗ್ಲಾಮರ್ ಷೇರುಗಳನ್ನು ದುಬಾರಿಗೆ ಕೊಂಡವರೂ ಬೇಡವಾದ ಷೇರುಗಳನ್ನು ಅಗ್ಗಕ್ಕೆ ಬಿಟ್ಟವರೂ ಅದನ್ನು ತೆತ್ತಿದ್ದಾರೆ.

ಇದನ್ನು ಒಪ್ಪದ ದೊಡ್ಡ ವಾದವೊಂದಿದೆ. ಯೂಜೀನ್ ಫಾಮಾ ಮತ್ತು ಕೆನೆತ್ ಫ್ರೆಂಚ್ 1992ರ ತಮ್ಮ ಪ್ರಬಂಧದಲ್ಲಿ ವ್ಯಾಲ್ಯೂ ಷೇರುಗಳ ಹೆಚ್ಚಿನ ಗಳಿಕೆಯನ್ನು ತಾವೂ ಕಂಡರು. ಆದರೆ ಅವರ ಪ್ರಕಾರ ಅದು ಅಪಾಯಕ್ಕೆ ಸಿಗುವ ಕೂಲಿ. ಸೊರಗಿದ ಕಂಪನಿ ಮುಳುಗಿಹೋಗಬಹುದು. ಆ ಭಾರವನ್ನು ಹೊರುವವರಿಗೆ ಪೇಟೆ ಹೆಚ್ಚು ಕೊಡುತ್ತದೆ, ಅಷ್ಟೆ. ಲಾಕೊನಿಶೊಕ್ ಮತ್ತು ಸಂಗಡಿಗರು ಇದನ್ನು ನೇರವಾಗಿ ಪರೀಕ್ಷಿಸಿದರು. ಪೇಟೆ ಕುಸಿದ ತಿಂಗಳುಗಳಲ್ಲಿ ವ್ಯಾಲ್ಯೂ ಷೇರುಗಳು ಗ್ಲಾಮರ್ ಷೇರುಗಳಿಗಿಂತ ಹೆಚ್ಚೇನೂ ಪೆಟ್ಟು ತಿಂದಿರಲಿಲ್ಲ ಎಂದು ತೋರಿಸಿ, ಇದು ಅಪಾಯದ ಕೂಲಿಯಲ್ಲ, ಜನರ ತಪ್ಪಿನ ಫಲ ಎಂದರು.

ಈ ಎರಡು ವಿವರಣೆಗಳ ಜಗಳವನ್ನು ಸಾಮಾನ್ಯವಾಗಿ ತಾಂತ್ರಿಕ ಜಗಳವೆಂದೇ ಓದುತ್ತೇವೆ. ನನಗೆ ಅದರಲ್ಲಿ ನೈತಿಕ ವ್ಯತ್ಯಾಸವೂ ಕಾಣುತ್ತದೆ. ಫಾಮಾ ಹೇಳುವುದು ಸರಿಯಾದರೆ ಇಲ್ಲಿ ಯಾರೂ ಯಾರಿಗೂ ಉತ್ತರ ಹೇಳಬೇಕಾಗಿಲ್ಲ. ಒಬ್ಬರು ನೆಮ್ಮದಿಯನ್ನು ಕೊಂಡರು, ಇನ್ನೊಬ್ಬರು ಅಪಾಯವನ್ನು ಹೊತ್ತು ಕೂಲಿ ಪಡೆದರು. ವಿಮಾ ಕಂಪನಿಗೂ ನಮಗೂ ಇರುವಂಥ ಸಂಬಂಧ ಅದು. ಆದರೆ ತನ್ನ ಲಾಭದ ಮೂಲ ಇನ್ನೊಬ್ಬರ ತಪ್ಪು ಎಂದು ಹೇಳುವವರು ಆ ಇನ್ನೊಬ್ಬರ ಮುಖವನ್ನು ಒಮ್ಮೆ ನೋಡಲೇಬೇಕಾಗುತ್ತದೆ. ಬಿಹೇವಿಯರಲ್ ಫೈನಾನ್ಸ್ ತನ್ನ ವಿವರಣೆಯ ಜೊತೆಗೇ ಈ ಹೊರೆಯನ್ನೂ ಹೊತ್ತುಕೊಂಡು ಬಂದಿದೆ.

ಹೊರೆ ಹೊಸದೇನಲ್ಲ. ಕ್ರಿಸ್ತಪೂರ್ವ 44ರಲ್ಲಿ ಸಿಸೆರೋ ಕರ್ತವ್ಯಗಳ ಕುರಿತು ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಒಂದು ಪ್ರಸಂಗವಿದೆ. ರೋಡ್ಸ್ ದ್ವೀಪದಲ್ಲಿ ಬರ. ಅಲೆಕ್ಸಾಂಡ್ರಿಯಾದಿಂದ ಒಬ್ಬ ವ್ಯಾಪಾರಿ ಹಡಗಿನ ತುಂಬ ಧಾನ್ಯ ತಂದಿದ್ದಾನೆ. ಹಿಂದೆಯೇ ಇನ್ನಷ್ಟು ಹಡಗುಗಳು ಧಾನ್ಯ ಹೊತ್ತು ಬರುತ್ತಿರುವುದನ್ನು ಅವನು ದಾರಿಯಲ್ಲಿ ಕಂಡಿದ್ದಾನೆ. ಇದನ್ನು ಊರಿನವರಿಗೆ ಹೇಳಬೇಕೇ, ಅಥವಾ ಸುಮ್ಮನಿದ್ದು ಬರಗಾಲದ ಬೆಲೆಗೆ ಮಾರಬಹುದೇ? ಸ್ಟೋಯಿಕ್ ಪಂಥದ ಇಬ್ಬರು ಗುರುಗಳನ್ನು ಸಿಸೆರೋ ಎದುರುಬದುರು ನಿಲ್ಲಿಸುತ್ತಾನೆ. ಡೈಯೋಜಿನಿಸ್ ಹೇಳುತ್ತಾನೆ: ಸರಕಿನ ದೋಷವನ್ನು ಕಾನೂನು ಕೇಳಿದಷ್ಟು ತಿಳಿಸು, ಮೋಸ ಮಾಡಬೇಡ, ಅಷ್ಟು ಸಾಕು, ಹೇಳದಿರುವುದು ಮರೆಮಾಚಿದಂತಲ್ಲ. ಆಂಟಿಪೇಟರ್ ಹೇಳುತ್ತಾನೆ: ಮಾರುವವನಿಗೆ ಗೊತ್ತಿರುವುದೆಲ್ಲ ಕೊಳ್ಳುವವನಿಗೂ ಗೊತ್ತಾಗಬೇಕು, ಮನುಷ್ಯರ ನಡುವಿನ ಬಂಧ ಅದನ್ನು ಬೇಡುತ್ತದೆ. ಸಿಸೆರೋ ಆಂಟಿಪೇಟರನ ಕಡೆ ವಾಲುತ್ತಾನೆ.

ಈ ತಕ್ಕಡಿಯಲ್ಲಿ ನಮ್ಮ ಪ್ರಾಧ್ಯಾಪಕರನ್ನು ಇಟ್ಟು ನೋಡಿದರೆ ಅವರ ಪರವಾಗಿ ಹೇಳಲು ಸಾಕಷ್ಟಿದೆ. ಮೊದಲನೆಯದು, ಅವರು ಹೇಳಿದರು. ಹಡಗುಗಳು ಬರುತ್ತಿವೆ ಎಂಬುದನ್ನು ಯಾರು ಬೇಕಾದರೂ ಓದಬಹುದಾದ ಪತ್ರಿಕೆಯಲ್ಲಿ ಅಂಕಿಅಂಶ ಸಮೇತ ಅಚ್ಚು ಹಾಕಿಸಿದರು. ಹೀಗೆ ಅಚ್ಚು ಹಾಕಿಸುವುದಕ್ಕೆ ಪರಿಣಾಮವೂ ಇದೆ. ಷೇರುಗಳ ಗಳಿಕೆಯನ್ನು ಮುಂಗಾಣುತ್ತವೆ ಎಂದು ವಿದ್ವತ್ ಪತ್ರಿಕೆಗಳಲ್ಲಿ ಬಂದ 97 ಸೂಚಕಗಳನ್ನು ಡೇವಿಡ್ ಮೆಕ್ಲೀನ್ ಮತ್ತು ಜೆಫ್ರಿ ಪಾಂಟಿಫ್ ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದರು. ಪ್ರಕಟಣೆಯ ನಂತರ ಈ ಸೂಚಕಗಳ ಗಳಿಕೆ ಸರಾಸರಿ ಶೇ. 58ರಷ್ಟು ಇಳಿದಿತ್ತು. ಗುಟ್ಟು ಹೇಳಿದವರಿಗೆ ಅದರ ಬೆಲೆಯೂ ತಟ್ಟುತ್ತದೆ.

ಎರಡನೆಯದು, ಎಲ್ಲರೂ ಕೈಬಿಟ್ಟ ಷೇರನ್ನು ಕೊಳ್ಳಲು ಒಬ್ಬರು ನಿಂತಿದ್ದಾರೆ ಎಂದರೆ ಮಾರುವವರಿಗೆ ಅಷ್ಟಾದರೂ ಬೆಲೆ ಸಿಗುತ್ತದೆ. ಅವರು ಇಲ್ಲದಿದ್ದರೆ ಇನ್ನೂ ಕಡಿಮೆಗೆ ಮಾರಬೇಕಾಗುತ್ತಿತ್ತು. ವ್ಯಾಲ್ಯೂ ಹೂಡಿಕೆದಾರರ ಪ್ರತಿಯೊಂದು ಖರೀದಿಯೂ ತಪ್ಪು ಬೆಲೆಯನ್ನು ಸರಿ ಬೆಲೆಯ ಕಡೆಗೆ ಒಂದಿಷ್ಟು ತಳ್ಳುತ್ತದೆ. ಮೂರನೆಯದು, ಎದುರಿಗಿರುವವರು ಯಾವಾಗಲೂ ಬಡಪಾಯಿಗಳಲ್ಲ. ಪಿಂಚಣಿ ನಿಧಿಗಳ ಹಣವನ್ನು ನೋಡಿಕೊಳ್ಳುವ ಮ್ಯಾನೇಜರುಗಳು ತ್ರೈಮಾಸಿಕದ ಲೆಕ್ಕ ಒಪ್ಪಿಸುವ ಮುನ್ನ ಸೋತ ಷೇರುಗಳನ್ನು ಮಾರಿ ಪಟ್ಟಿಯನ್ನು ಚೆಂದಗಾಣಿಸುತ್ತಾರೆ ಎಂದು ಲಾಕೊನಿಶೊಕ್, ಶ್ಲೈಫರ್, ವಿಷ್ನಿ ಮತ್ತು ರಿಚರ್ಡ್ ಥೇಲರ್ 1991ರಲ್ಲೇ ಬರೆದಿದ್ದರು. ಹೆಸರಾಂತ ಕಂಪನಿಯಲ್ಲಿ ಹಣ ಕಳೆದರೆ ಯಾರೂ ಬಯ್ಯುವುದಿಲ್ಲ, ಹೆಸರು ಕೆಟ್ಟ ಕಂಪನಿಯಲ್ಲಿ ಕಳೆದರೆ ಕೆಲಸವೇ ಹೋಗಬಹುದು. ಇಂಥ ತಪ್ಪು ಅಜ್ಞಾನದ್ದಲ್ಲ, ಸಂಬಳಕ್ಕಾಗಿ ಮಾಡಿದ್ದು. ಅದರಿಂದ ಲಾಭ ಮಾಡಿಕೊಂಡವರ ಮೇಲೆ ನಮಗೆ ಅಷ್ಟು ಸಿಟ್ಟು ಬರಬೇಕಿಲ್ಲ. ಎಲ್‌ಎಸ್‌ವಿಯಂಥ ಸಂಸ್ಥೆಗಳ ಗ್ರಾಹಕರಲ್ಲೂ ಪಿಂಚಣಿ ನಿಧಿಗಳಿವೆ. ಲಾಭದ ಒಂದು ಪಾಲು ನಿವೃತ್ತರಿಗೆ ಹೋಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಪ್ರಾಧ್ಯಾಪಕರು ಆಂಟಿಪೇಟರನ ಪರೀಕ್ಷೆಯಲ್ಲೂ ಪಾಸಾದರು ಎನ್ನಬಹುದು. ಆದರೆ ಸಿಸೆರೋನ ಪ್ರಸಂಗದಲ್ಲಿ ಒಂದು ಊಹೆ ಅಡಗಿದೆ. ರೋಡ್ಸ್‌ನ ಜನರಿಗೆ ಇಲ್ಲದಿರುವುದು ಸುದ್ದಿ ಮಾತ್ರ, ಸುದ್ದಿ ಸಿಕ್ಕರೆ ಅವರು ಸರಿಯಾಗಿ ನಡೆದುಕೊಳ್ಳುತ್ತಾರೆ ಎಂಬುದು ಆ ಊಹೆ. ಬಿಹೇವಿಯರಲ್ ಫೈನಾನ್ಸ್ ಪ್ರಶ್ನಿಸಿದ್ದು ಇದನ್ನೇ. ಬ್ರಾಡ್ ಬಾರ್ಬರ್ ಮತ್ತು ಟೆರೆನ್ಸ್ ಓಡೀನ್ ಅಮೆರಿಕದ ಒಂದು ಬ್ರೋಕರೇಜ್ ಸಂಸ್ಥೆಯ 66,465 ಕುಟುಂಬಗಳ 1991ರಿಂದ 1996ರವರೆಗಿನ ವ್ಯವಹಾರವನ್ನು ಪರಿಶೀಲಿಸಿದರು. ಆ ಅವಧಿಯಲ್ಲಿ ಪೇಟೆ ವರ್ಷಕ್ಕೆ ಶೇ. 17.9 ಕೊಟ್ಟಿತ್ತು. ಅತಿ ಹೆಚ್ಚು ಕೊಟ್ಟು ತೆಗೆದುಕೊಂಡವರಿಗೆ ಸಿಕ್ಕಿದ್ದು ಶೇ. 11.4. ಸುದ್ದಿಯ ಕೊರತೆಯಿಂದ ಅವರು ಹಿಂದೆ ಬೀಳಲಿಲ್ಲ. ತಮ್ಮ ತೀರ್ಮಾನದ ಮೇಲಿನ ಅತಿಯಾದ ನಂಬಿಕೆ ಅವರನ್ನು ಮತ್ತೆ ಮತ್ತೆ ವ್ಯವಹಾರಕ್ಕೆ ಇಳಿಸಿತು, ಪ್ರತಿ ಸಲವೂ ಖರ್ಚು ಕಡಿಯಿತು. ಇಂಥವರಿಗೆ 'ನಿಮಗೆ ಅತಿಯಾದ ಆತ್ಮವಿಶ್ವಾಸವಿದೆ' ಎಂದು ಹೇಳಿದರೆ, ಅದು ಪಕ್ಕದಲ್ಲಿ ಕೂತವರಿಗೆ ಹೇಳಿದ್ದು ಎಂದುಕೊಳ್ಳುತ್ತಾರೆ.

ಇದರ ಅತ್ಯಂತ ದೊಡ್ಡ ಪ್ರಯೋಗ ಈಗ ನಡೆಯುತ್ತಿರುವುದು ನಮ್ಮ ದೇಶದಲ್ಲೇ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ, ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರದಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ನಷ್ಟ ಅನುಭವಿಸುತ್ತಾರೆ ಎಂದು 2023ರ ಜನವರಿಯಲ್ಲಿ ವರದಿ ಕೊಟ್ಟಿತು. ಆ ವಾಕ್ಯವನ್ನು ಗ್ರಾಹಕರು ಲಾಗಿನ್ ಆದಾಗಲೆಲ್ಲ ತೋರಿಸಬೇಕೆಂದು ಅದೇ ವರ್ಷದ ಜುಲೈನಿಂದ ಬ್ರೋಕರುಗಳಿಗೆ ಕಡ್ಡಾಯ ಮಾಡಿತು. ಆಂಟಿಪೇಟರ್ ಕೇಳಿದ್ದು ಇದನ್ನೇ: ಗೊತ್ತಿರುವುದನ್ನು ಮುಚ್ಚುಮರೆಯಿಲ್ಲದೆ ಹೇಳು. ಹೇಳಿದ ಮೇಲೆ ಏನಾಯಿತು? 2021-22ರಲ್ಲಿ ಸುಮಾರು 51 ಲಕ್ಷವಿದ್ದ ಇಂಥ ವೈಯಕ್ತಿಕ ವ್ಯವಹಾರಸ್ಥರ ಸಂಖ್ಯೆ 2023-24ರಲ್ಲಿ ಸುಮಾರು 96 ಲಕ್ಷಕ್ಕೆ ಏರಿತು. ಮೂರು ವರ್ಷಗಳ ಲೆಕ್ಕದಲ್ಲಿ ಶೇ. 93 ಮಂದಿ ನಷ್ಟ ಅನುಭವಿಸಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತ್ತು. ಸತತ ಎರಡು ವರ್ಷ ಕಳೆದುಕೊಂಡವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಆಟ ಬಿಡಲಿಲ್ಲ. ವ್ಯವಹಾರಕ್ಕೆ ಇಳಿದವರಲ್ಲಿ ಮುಕ್ಕಾಲು ಪಾಲು ಜನ ಹೇಳಿಕೊಂಡ ವಾರ್ಷಿಕ ಆದಾಯ ಐದು ಲಕ್ಷಕ್ಕಿಂತ ಕಡಿಮೆ. ಮೂವತ್ತು ದಾಟದವರ ಪಾಲು ಒಂದೇ ವರ್ಷದಲ್ಲಿ ಶೇ. 31ರಿಂದ ಶೇ. 43ಕ್ಕೆ ಏರಿತು. ಹಾಸ್ಟೆಲ್ಲುಗಳಲ್ಲಿ, ಪಿಜಿಗಳಲ್ಲಿ ಇರುವ ನಮ್ಮ ವಯಸ್ಸಿನವರ ಲೆಕ್ಕ ಇದು.

ಎದುರು ಬದಿಯಲ್ಲಿ ಯಾರಿದ್ದರು? ಅದೇ ಸೆಬಿ ವರದಿಯ ಪ್ರಕಾರ 2023-24ರಲ್ಲಿ ಸ್ವಂತ ಬಂಡವಾಳದಿಂದ ವ್ಯವಹರಿಸುವ ಸಂಸ್ಥೆಗಳು ಖರ್ಚು ಕಳೆಯುವ ಮುನ್ನ 33,000 ಕೋಟಿ ರೂಪಾಯಿ, ವಿದೇಶಿ ಹೂಡಿಕೆದಾರರು 28,000 ಕೋಟಿ ರೂಪಾಯಿ ಲಾಭ ಮಾಡಿದ್ದರು. ಈ ಲಾಭದ ಶೇ. 95ಕ್ಕೂ ಹೆಚ್ಚು ಬಂದಿದ್ದು ಕಂಪ್ಯೂಟರ್ ಸೂತ್ರಗಳ ಮೂಲಕ ವ್ಯವಹರಿಸಿದವರಿಗೆ. ಇಲ್ಲಿಯೂ ಒಂದು ಬದಿಯಲ್ಲಿ ಸೂತ್ರ, ಇನ್ನೊಂದು ಬದಿಯಲ್ಲಿ ಮನುಷ್ಯನ ಮನಸ್ಸು.

ಆದರೆ ಶಿಕಾಗೋದ ಪ್ರಾಧ್ಯಾಪಕರ ಲಾಭವನ್ನೂ ಇದನ್ನೂ ಒಂದೇ ಎಂದು ತೂಗಲಾಗದು. ವ್ಯಾಲ್ಯೂ ಹೂಡಿಕೆದಾರರಿಗೆ ಲಾಭ ಬರುವುದು ತಪ್ಪು ತಿದ್ದಿಕೊಂಡಾಗ. ಬೇಡವಾಗಿದ್ದ ಷೇರಿನ ನಿಜವಾದ ಬೆಲೆ ಉಳಿದವರಿಗೂ ಕಂಡಾಗಲೇ ಅವರ ಕೈಯಲ್ಲಿರುವುದಕ್ಕೆ ಬೆಲೆ ಬರುತ್ತದೆ. ವಾರವಾರ ಮುಗಿಯುವ ಆಪ್ಷನ್ ಪೇಟೆಯಲ್ಲಿ ಲಾಭ ನಿಲ್ಲಬೇಕಾದರೆ ತಪ್ಪು ಮಾಡುವವರು ಪ್ರತಿವಾರವೂ ಬರುತ್ತಿರಬೇಕು. ಸೋತವರು ಹೋದರೆ ಹೊಸಬರು ಬರಬೇಕು. ಒಂದು ಲಾಭ ತಪ್ಪು ಕಡಿಮೆಯಾಗುವುದನ್ನು ಕಾಯುತ್ತದೆ, ಇನ್ನೊಂದಕ್ಕೆ ತಪ್ಪು ಮುಂದುವರಿಯಬೇಕು. ಇನ್ನೊಬ್ಬರ ತಪ್ಪಿನಿಂದ ಬಂದ ಲಾಭವನ್ನು ಅಳೆಯುವಾಗ ನಾನು ಮೊದಲು ಕೇಳುವ ಪ್ರಶ್ನೆ ಇದು: ನಾಳೆ ಎಲ್ಲರೂ ತಿಳಿದುಕೊಂಡುಬಿಟ್ಟರೆ ಈ ಮನುಷ್ಯನಿಗೆ ಸಂತೋಷವಾಗುತ್ತದೆಯೇ, ಸಂಕಟವಾಗುತ್ತದೆಯೇ?

ಎರಡನೆಯ ಪ್ರಶ್ನೆ ಇನ್ನೂ ಕಷ್ಟದ್ದು. ಹೇಳಿದರೂ ತಪ್ಪು ನಿಲ್ಲುವುದಿಲ್ಲ ಎಂದು ಗೊತ್ತಾದ ಮೇಲೆ, ಹೇಳಿದವರ ಕರ್ತವ್ಯ ಅಲ್ಲಿಗೆ ಮುಗಿಯಿತೇ? ಇದಕ್ಕೆ ಥೇಲರ್ ಅವರ ಕೆಲಸದಲ್ಲಿ ಒಂದು ಉತ್ತರವಿದೆ. ಥೇಲರ್ ಕೂಡ ಒಂದು ಹೂಡಿಕೆ ಸಂಸ್ಥೆಯ ಸ್ಥಾಪಕರಲ್ಲೊಬ್ಬರು, ಅಂದರೆ ಜನರ ತಪ್ಪಿನ ಎದುರು ಹಣ ಹೂಡುವ ವ್ಯಾಪಾರ ಅವರದ್ದೂ ಹೌದು. ಆದರೆ ಶ್ಲೋಮೋ ಬೆನಾರ್ಟ್ಜಿ ಜೊತೆ ಸೇರಿ ಅವರು ಅದೇ ತಿಳಿವಳಿಕೆಯನ್ನು ಇನ್ನೊಂದು ದಿಕ್ಕಿಗೂ ತಿರುಗಿಸಿದರು. ಇವತ್ತಿನ ಸಂಬಳದಿಂದ ಉಳಿಸಿ ಎಂದರೆ ಜನರಿಗೆ ಕಷ್ಟ. ಮುಂದೆ ಸಂಬಳ ಏರಿದಾಗ ಏರಿಕೆಯ ಒಂದು ಪಾಲು ತಾನಾಗಿಯೇ ಉಳಿತಾಯಕ್ಕೆ ಹೋಗಲಿ ಎಂದರೆ ಒಪ್ಪುತ್ತಾರೆ. ಇದನ್ನು ಮೊದಲು ಜಾರಿಗೆ ತಂದ ಕಂಪನಿಯಲ್ಲಿ, ಒಪ್ಪಿ ಸೇರಿದ ನೌಕರರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ. 3.5ರಿಂದ ಶೇ. 13.6ಕ್ಕೆ ಏರಿತು. ಯಾರಿಗೂ ಉಪದೇಶ ಮಾಡಲಿಲ್ಲ, ಯಾರ ಸ್ವಭಾವವನ್ನೂ ತಿದ್ದಲಿಲ್ಲ. ಅದೇ ಸೋಮಾರಿತನ, ಅದೇ ಮುಂದೂಡುವ ಬುದ್ಧಿ ಅವರ ಪರವಾಗಿ ಕೆಲಸ ಮಾಡುವಂತೆ ಏರ್ಪಾಡನ್ನು ಬದಲಿಸಿದರು.

ಹಾಗಾದರೆ ಸಿಸೆರೋನ ಪ್ರಸಂಗವನ್ನು ಸ್ವಲ್ಪ ವಿಸ್ತರಿಸಬೇಕಾಗುತ್ತದೆ. ವ್ಯಾಪಾರಿ ಹೇಳಬೇಕೇ ಬೇಡವೇ ಎಂಬುದರ ಜೊತೆಗೆ, ಆ ಬಂದರನ್ನು ಯಾರು ನಡೆಸುತ್ತಿದ್ದಾರೆ ಎಂದೂ ಕೇಳಬೇಕು. ಸೆಬಿ 2024ರ ಅಕ್ಟೋಬರಿನಲ್ಲಿ ಸೂಚ್ಯಂಕದ ಒಪ್ಪಂದಗಳ ಕನಿಷ್ಠ ಮೊತ್ತವನ್ನು 15 ಲಕ್ಷ ರೂಪಾಯಿಗೆ ಏರಿಸಿ, ಒಂದು ಎಕ್ಸ್‌ಚೇಂಜಿನಲ್ಲಿ ವಾರಕ್ಕೊಂದೇ ಸೂಚ್ಯಂಕದ ಆಪ್ಷನ್ ಮುಗಿಯಬೇಕೆಂದು ವಿಧಿಸಿದ್ದು ಬಂದರಿನ ಏರ್ಪಾಡನ್ನು ಬದಲಿಸುವ ಕೆಲಸ. ಅಷ್ಟಾದರೂ 2024-25ರಲ್ಲಿ ಶೇ. 91 ಮಂದಿ ಕಳೆದುಕೊಂಡರು ಎಂದು ಸೆಬಿಯೇ ಹೇಳಿದೆ. ದೇಶದ ಅತಿ ದೊಡ್ಡ ಡಿಸ್ಕೌಂಟ್ ಬ್ರೋಕರುಗಳಾದ ಜೆರೋಧಾ, ಗ್ರೋ ಎರಡೂ ಬೆಂಗಳೂರಿನವು. ಇಂಥ ಆ್ಯಪ್‌ಗಳ ಪರದೆಯ ಮೇಲೆ ಯಾವ ಬಟನ್ ಎಲ್ಲಿರಬೇಕು, ಎಷ್ಟು ಒತ್ತಿದರೆ ವ್ಯವಹಾರ ಮುಗಿಯಬೇಕು, ಎಚ್ಚರಿಕೆಯ ಮಾತು ಎಷ್ಟು ಹೊತ್ತು ನಿಲ್ಲಬೇಕು ಎಂದು ತೀರ್ಮಾನಿಸುವ ಎಂಜಿನಿಯರುಗಳಲ್ಲಿ ಎಷ್ಟೋ ಮಂದಿ ನಮ್ಮ ಊರುಗಳಿಂದ ಹೋದವರೇ ಇರುತ್ತಾರೆ. ಬಿಹೇವಿಯರಲ್ ಫೈನಾನ್ಸ್ ಕಲಿತವರಿಗೆ ಇವತ್ತು ಕೆಲಸ ಸಿಗುವುದು ಇಂಥ ಕಡೆಗಳಲ್ಲೂ ಹೌದು. ಬಟನ್ ಒತ್ತುವುದನ್ನು ಸುಲಭ ಮಾಡುವುದೂ ಆ ವಿದ್ಯೆಯಿಂದಲೇ, ಒಂದು ಕ್ಷಣ ತಡೆದು ಯೋಚಿಸುವಂತೆ ಮಾಡುವುದೂ ಆ ವಿದ್ಯೆಯಿಂದಲೇ.

ಲಾಕೊನಿಶೊಕ್ ಅವರ ಲಾಭವನ್ನು ನಾನು ಅನ್ಯಾಯದ್ದು ಎನ್ನಲಾರೆ. ತಿಳಿದದ್ದನ್ನು ಬಹಿರಂಗವಾಗಿ ಬರೆದರು, ತಪ್ಪು ಕರಗುವ ದಿಕ್ಕಿನಲ್ಲೇ ಹಣ ಹೂಡಿದರು. 2007ರ ನಂತರ ಒಂದು ದಶಕಕ್ಕೂ ಹೆಚ್ಚು ಕಾಲ ಗ್ಲಾಮರ್ ಷೇರುಗಳೇ ಮೆರೆದಾಗ ವ್ಯಾಲ್ಯೂ ಹೂಡಿಕೆಯ ಹಾದಿ ಹಿಡಿದವರೆಲ್ಲ ಅದರ ನೋವನ್ನೂ ಉಂಡರು. ಆದರೂ ಒಂದು ಬಾಕಿ ಉಳಿಯುತ್ತದೆ, ಅದು ಅವರೊಬ್ಬರದ್ದಲ್ಲ. ಮನುಷ್ಯರು ಎಲ್ಲಿ, ಏಕೆ ಎಡವುತ್ತಾರೆ ಎಂಬುದರ ಬಗ್ಗೆ ಈ ಶಾಸ್ತ್ರ ಕಳೆದ ನಲವತ್ತು ವರ್ಷಗಳಲ್ಲಿ ಕಲಿತಿರುವುದು ಬಹಳ. ಅದರಲ್ಲಿ ಎಡವಿದವರ ಎದುರು ಹಣ ಹೂಡಲು ಬಳಕೆಯಾದದ್ದೆಷ್ಟು, ದಾರಿಯ ಕಲ್ಲು ತೆಗೆಯಲು ಬಳಕೆಯಾದದ್ದೆಷ್ಟು ಎಂದು ಲೆಕ್ಕ ಹಾಕುವುದು ಆ ಶಾಸ್ತ್ರವನ್ನು ಓದುವವರ, ಓದಿಸುವವರ ಕೆಲಸ. ಎಡವುವವರು ಲೇಖನ ಓದುವವರಲ್ಲ ಎಂಬುದನ್ನು ಆ ಶಾಸ್ತ್ರವೇ ನಮಗೆ ಕಲಿಸಿದೆ. ಆದ್ದರಿಂದ ಬರೆದು ಪ್ರಕಟಿಸಿದ್ದೇವೆ ಎಂಬ ಸಮಾಧಾನ ನಮಗೆ ಸಾಲದು.